ತವರು, ತೊಟ್ಟಿಲು ಮತ್ತು ತಂದೆಯ ರಜೆ

ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷದ ಅಕ್ಟೋಬರ್ 7ರಂದು ಕೇಂದ್ರ ಸರಕಾರವು ಐದನೆಯ ವೇತನ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ ತನ್ನ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆಯನ್ನು ನೀಡಿತು. ತಾಯಂದಿರ ರಜೆಯು 90 ದಿನಗಳಿಂದ 135ಕ್ಕೆ ಏರಿದ್ದೂ ಆಗಲೇ. ಕುಷ್ಟಗಿ ತಾಲೂಕಿನ ಹನುಮಸಾಗರದಂಥ ಊರಿನಲ್ಲಿ ಈ ಸೌಲಭ್ಯಕ್ಕೆ ಅರ್ಹರಾದವರು ಬೆರಳೆಣಿಕೆಯವರು.

ತಾಯಿಯ ರಜೆಯ ಚರಿತ್ರೆ ಇದಕ್ಕಿಂತ ಬಹಳ ಹಿಂದಿನದು. ಮುಂಬಯಿ ಪ್ರಾಂತದಲ್ಲಿ 1929ರಲ್ಲಿ, ಮೈಸೂರು ಸಂಸ್ಥಾನದಲ್ಲಿ 1937ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗಳು ಬಂದವು. ಮುಂಬಯಿಯ ಮಸೂದೆಯನ್ನು ಶಾಸನಸಭೆಯಲ್ಲಿ ಬೆಂಬಲಿಸಿದವರಲ್ಲಿ ಅಂಬೇಡ್ಕರರೂ ಒಬ್ಬರು. ಹನುಮಸಾಗರ ಆಗ ನಿಜಾಮನ ಸೀಮೆ. ನೆರೆಯ ಇಳಕಲ್ಲು ಮುಂಬಯಿ ಪ್ರಾಂತದ್ದು. ಗಡಿಯ ಆಚೆಗಾಗಲಿ ಈಚೆಗಾಗಲಿ, ಮನೆಯಲ್ಲಿ ಕುಳಿತು ಕಂಡಿಕೆ ಸುತ್ತುವ ನೇಕಾರಗಿತ್ತಿಗೆ ಕಾರ್ಖಾನೆಯ ಕಾಯಿದೆ ಅನ್ವಯಿಸುತ್ತಿರಲಿಲ್ಲವೆಂಬುದು ಬೇರೆ ಮಾತು.

ಈ ಕಾಯಿದೆಗಳಲ್ಲೆಲ್ಲೂ ತಂದೆ ಇಲ್ಲ. ಇದರ ಕಾರಣವನ್ನು ಶಾಸನಕರ್ತರ ಮರೆವಿನಲ್ಲಿ ಮಾತ್ರ ಹುಡುಕಬೇಕಾಗಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಈ ಭಾಗದ ವಾಡಿಕೆ. ಬಾಣಂತನವೆಂದರೆ ತಾಯಿ, ಅಜ್ಜಿ, ಅತ್ತಿಗೆಯರ ಹೊಣೆ. ಕೂಸಿನ ತಂದೆ ಅಲ್ಲಿ ಬೀಗರ ಮನೆಯ ಅತಿಥಿ. ಎರೆಯುವ ನೀರಿಗೂ ಖಾರದ ಊಟಕ್ಕೂ ಅವನ ಕೈ ಬೇಕಿರಲಿಲ್ಲ. ಈ ವ್ಯವಸ್ಥೆಯು ಬಾಣಂತಿಗೆ ವಿಶ್ರಾಂತಿಯನ್ನು ಕೊಟ್ಟಿತು, ನಿಜ. ಅದರೊಡನೆ ಗಂಡಸನ್ನು ತೊಟ್ಟಿಲಿನಿಂದ ದೂರವೂ ಇಟ್ಟಿತು. ಹೆರಿಗೆಗೆ 15 ದಿನ ಮುಂಚಿನಿಂದ ಆರು ತಿಂಗಳ ಅನಂತರದವರೆಗೆ ಯಾವಾಗಲಾದರೂ ಪಿತೃತ್ವ ರಜೆ ಪಡೆಯಬಹುದೆಂಬ ನಿಯಮವು, ಬಾಣಂತಿ ತವರಿನಿಂದ ಮರಳಿದ ಮೇಲೂ ಉಪಯೋಗಕ್ಕೆ ಬರುವುದರಿಂದ, ಈ ವಾಡಿಕೆಗೆ ಅಚ್ಚರಿಯೆನಿಸುವಷ್ಟು ಹೊಂದುತ್ತದೆ.

ಸ್ವೀಡನ್ 1974ರಲ್ಲಿಯೇ ಹೆರಿಗೆ ರಜೆಯನ್ನು ತಂದೆತಾಯಿಯರಿಬ್ಬರ ರಜೆಯನ್ನಾಗಿ ಮಾರ್ಪಡಿಸಿತ್ತು. ಆದರೂ ಅದನ್ನು ಬಳಸಿದವರು ಹೆಚ್ಚಾಗಿ ತಾಯಂದಿರೇ. ಆದುದರಿಂದ 1993ರಲ್ಲಿ ನಾರ್ವೆ, 1995ರಲ್ಲಿ ಸ್ವೀಡನ್, ತಾಯಿಗೆ ವರ್ಗಾಯಿಸಲಾಗದ ಪಾಲೊಂದನ್ನು ತಂದೆಗೆಂದೇ ಮೀಸಲಿಟ್ಟವು.

ಭಾರತದ ಹಾದಿ ಬೇರೆ. 2008ರಲ್ಲಿ ಕೇಂದ್ರವು 730 ದಿನಗಳ ಶಿಶುಪಾಲನಾ ರಜೆಯನ್ನು ಮಹಿಳಾ ನೌಕರರಿಗೆ ಮಾತ್ರ ಕೊಟ್ಟಿತು. 2018ರಲ್ಲಿ ಅದು ಪುರುಷರಿಗೂ ವಿಸ್ತರಿಸಿತಾದರೂ, ಒಂಟಿ ತಂದೆಯರಿಗಷ್ಟೇ. ಕರ್ನಾಟಕ ಸರಕಾರವೂ ಇದೇ ಕ್ರಮವನ್ನು ಅನುಸರಿಸಿತು: 2021ರಲ್ಲಿ ಮಹಿಳೆಯರಿಗೆ ಆರು ತಿಂಗಳು, 2022ರಲ್ಲಿ ಒಂಟಿ ತಂದೆಯರಿಗೆ. ತಾಯಿ ಇಲ್ಲದಾಗ ಮಾತ್ರ ತಂದೆ ಪಾಲಕನೆಂಬ ಗ್ರಹಿಕೆಯೇ ಈ ಆದೇಶಗಳ ಒಳಗಿದೆ. ಹೆಣ್ಣಿಗೆ ಅನುಕೂಲವಾಗಿ ಕಾಣುವ ರಜೆಯು ಅವಳ ಹೊರೆಯನ್ನೇ ಖಾಯಂಗೊಳಿಸುತ್ತದೆ.

2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿದರೂ ತಂದೆಯ ವಿಷಯದಲ್ಲಿ ಮೌನವಾಗಿತ್ತು. ಅದೇ ವರ್ಷ ಸಂಸದ ರಾಜೀವ ಸಾತವರು ಮಂಡಿಸಿದ ಖಾಸಗಿ ಮಸೂದೆಯು ಅಸಂಘಟಿತ ವಲಯದ ತಂದೆಯರನ್ನೂ ಒಳಗೊಂಡಿತ್ತು, ಅದು ಕಾಯಿದೆಯಾಗಲಿಲ್ಲ. ಕೂಸು ಹುಟ್ಟಿದ ವಾರದಲ್ಲಿ ಮಗ್ಗ ನಿಲ್ಲಿಸುವ ನೇಕಾರನಿಗೆ ಆ ವಾರದ ಮಜೂರಿ ಇಂದಿಗೂ ಇಲ್ಲ.