ಪತ್ರಿಕೆಯ ಮನೆತನ, ಓಲೆಗರಿಯ ಋಣ: ರಮಾ ಜೈನ್ ಮತ್ತು ಭಾರತೀಯ ಜ್ಞಾನಪೀಠದ ಮೊದಲ ಮೂರು ದಶಕ

ಸುಳ್ಯ ತಾಲ್ಲೂಕಿನ ಮಂಡೆಕೋಲು ಕೇರಳದ ಗಡಿಗೆ ತಾಗಿಕೊಂಡ ಗ್ರಾಮ. ಜ್ಞಾನಪೀಠ ಪ್ರಶಸ್ತಿ ಮೊತ್ತಮೊದಲು ಬಂದದ್ದು ಗಡಿಯಾಚೆಯ ಭಾಷೆಗೆ. 1965ರ ಸಾಲಿನ ಆ ಪ್ರಶಸ್ತಿಯನ್ನು ಮಲಯಾಳದ ಕವಿ ಜಿ. ಶಂಕರ ಕುರುಪ್ ಪಡೆದರು. ಗಡಿಯ ಈಚೆ, ಪುತ್ತೂರಿನ ಬಾಲವನದಲ್ಲಿ ಬಹುಕಾಲ ಬಾಳಿ ಬರೆದ ಶಿವರಾಮ ಕಾರಂತರಿಗೆ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ರ ಸಾಲಿನದು ಸಂದಿತು. ಪುತ್ತೂರು, ಸುಳ್ಯ, ಕಡಬದ ಶಾಲೆಯ ಮಕ್ಕಳಿಗೂ ‘ಜ್ಞಾನಪೀಠ’ ಎಂದೊಡನೆ ಕಾರಂತರ ನೆನಪಾಗುವುದು ಸಹಜ. ಆ ಪ್ರಶಸ್ತಿಯನ್ನು ಕಟ್ಟಿ ನಿಲ್ಲಿಸಿದ ಹೆಂಗಸಿನ ಹೆಸರು ಮಾತ್ರ ಅಷ್ಟು ಪರಿಚಿತವಲ್ಲ. ಆಕೆ ರಮಾ ಜೈನ್. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಮಗಳು, ಸಾಹು ಶಾಂತಿಪ್ರಸಾದ್ ಜೈನ್ ಅವರ ಹೆಂಡತಿ, ಭಾರತೀಯ ಜ್ಞಾನಪೀಠದ ಸ್ಥಾಪಕ ಅಧ್ಯಕ್ಷೆ.

‘ಟೈಮ್ಸ್ ಆಫ್ ಇಂಡಿಯಾ’ದ ಒಡೆತನದ ಮನೆಯವರು ಕೊಡುವ ಪ್ರಶಸ್ತಿ ಎಂದೇ ಜ್ಞಾನಪೀಠವನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಇಸವಿಗಳನ್ನು ಜೋಡಿಸಿ ನೋಡಿದರೆ ಕಥೆ ಬೇರೆ ರೀತಿ ತೆರೆದುಕೊಳ್ಳುತ್ತದೆ. ಭಾರತೀಯ ಜ್ಞಾನಪೀಠ ಕಾಶಿಯಲ್ಲಿ ಸ್ಥಾಪನೆಯಾದದ್ದು 1944ರ ಫೆಬ್ರುವರಿ 18ರಂದು. ದಾಲ್ಮಿಯಾ ಅವರು ಆ ಪತ್ರಿಕೆಯನ್ನು ಹೊರತರುವ ಬೆನೆಟ್ ಕೋಲ್ಮನ್ ಕಂಪನಿಯನ್ನು ಬ್ರಿಟಿಷ್ ಒಡೆಯರಿಂದ ಕೊಂಡದ್ದು 1946ರಲ್ಲಿ. ಅಂದರೆ ಸಂಸ್ಥೆ ಹುಟ್ಟುವಾಗ ಮನೆಯಲ್ಲಿ ಆ ಪತ್ರಿಕೆ ಇರಲಿಲ್ಲ. ಬಿಹಾರದ ದಾಲ್ಮಿಯಾನಗರದ ಸಕ್ಕರೆ, ಸಿಮೆಂಟು, ಕಾಗದದ ಕಾರ್ಖಾನೆಗಳಿದ್ದವು, ಜೈನ ಮನೆತನದ ಶಾಸ್ತ್ರದಾನದ ಸಂಪ್ರದಾಯವಿತ್ತು. ಗ್ರಂಥವನ್ನು ಬರೆಯಿಸಿ ದಾನ ಕೊಡುವುದು ಜೈನ ಗೃಹಸ್ಥರಿಗೆ ಪುಣ್ಯಕಾರ್ಯ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆ ನಮ್ಮದೇ. ರಮಾ ಜೈನರನ್ನು ಅರ್ಥಮಾಡಿಕೊಳ್ಳಲು ಪಶ್ಚಿಮದ ಪತ್ರಿಕಾ ದೊರೆಗಳ ದತ್ತಿಗಳಿಗಿಂತ ಅತ್ತಿಮಬ್ಬೆಯೇ ಹೆಚ್ಚು ನೆರವಾಗುತ್ತಾಳೆ ಎಂದು ನನ್ನ ಎಣಿಕೆ.

ಹಳೆಯ ಸಂಸ್ಕೃತ, ಪ್ರಾಕೃತ, ಪಾಳಿ, ಅಪಭ್ರಂಶ ಗ್ರಂಥಗಳನ್ನು ಹುಡುಕಿ ಸಂಪಾದಿಸಿ ಅಚ್ಚುಹಾಕಿಸುವುದು ಸಂಸ್ಥೆಯ ಮೊದಲ ಉದ್ದೇಶ. ಶಾಂತಿಪ್ರಸಾದರ ತಾಯಿ ಮೂರ್ತಿದೇವಿಯವರ ಹೆಸರಿನಲ್ಲಿ ಗ್ರಂಥಮಾಲೆ ಶುರುವಾಯಿತು. ಅದರ ಪ್ರಾಕೃತ ವಿಭಾಗದ ಮೊದಲ ಗ್ರಂಥ 1947ರಲ್ಲಿ ಹೊರಬಂದ ‘ಮಹಾಬಂಧ’ದ ಮೊದಲ ಸಂಪುಟ. ಭೂತಬಲಿ ಆಚಾರ್ಯರ ಈ ಕೃತಿ ದಿಗಂಬರ ಜೈನರ ಮೂಲ ಆಗಮವಾದ ಷಟ್ಖಂಡಾಗಮದ ಆರನೆಯ ಖಂಡ. ಅದರ ಮೂಲ ಓಲೆಗರಿ ಪ್ರತಿ ಉಳಿದು ಬಂದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ, ಅದೂ ಹಳಗನ್ನಡ ಲಿಪಿಯಲ್ಲಿ. ತಲೆಮಾರುಗಳ ಕಾಲ ಆ ಕಟ್ಟುಗಳಿಗೆ ಪೂಜೆ ಸಲ್ಲುತ್ತಿತ್ತು, ದೂರದ ಯಾತ್ರಿಕರು ದರ್ಶನ ಪಡೆದು ಹೋಗುತ್ತಿದ್ದರು, ಓದುವವರು ಮಾತ್ರ ವಿರಳ. ನಾಗರಿಗೆ ಪ್ರತಿಮಾಡಿದ್ದು, ಸಂಪಾದಿಸಿದ್ದು, ಏಳು ಸಂಪುಟಗಳಲ್ಲಿ ಅಚ್ಚಾದದ್ದು ದೊಡ್ಡ ಸಾಹಸ. ಈ ಗ್ರಂಥವನ್ನು ಕಾಪಿಟ್ಟದ್ದು ತುಳುನಾಡಿನ ಬಸದಿ, ಹೊತ್ತು ತಂದದ್ದು ಕನ್ನಡ ಲಿಪಿ, ಜಗತ್ತಿಗೆ ಕೊಟ್ಟದ್ದು ಕಾಶಿಯ ಸಂಸ್ಥೆ.

ಮರುವರ್ಷ, 1948ರಲ್ಲಿ, ಜ್ಞಾನಪೀಠವೇ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಪ್ರಕಟಿಸಿತು. ಸಿದ್ಧಪಡಿಸಿದವರು ದಕ್ಷಿಣ ಕನ್ನಡದ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿ. ಬಿಹಾರದ ಆರಾ ಊರಿನ ಜೈನ ಸಿದ್ಧಾಂತ ಭವನದಲ್ಲಿ ದುಡಿದು, ಊರಿಗೆ ಮರಳಿ ಮೂಡುಬಿದಿರೆ, ಕಾರ್ಕಳ, ಅಳಿಯೂರು ಭಂಡಾರಗಳ ಓಲೆಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಪಟ್ಟಿಮಾಡಿದವರು. ಧೂಳು, ಗೆದ್ದಲು, ಮುರಿದ ಅಂಚು, ಅಡಿಮೇಲಾದ ಗರಿಗಳ ನಡುವೆ ಕೂತು ಮಾಡುವ ಈ ಕೆಲಸಕ್ಕೆ ಸಭೆಯೂ ಇಲ್ಲ, ಹಾರವೂ ಇಲ್ಲ. ಅಂಥದ್ದಕ್ಕೆ ಹಣ ಹಾಕುವ ದಾನಿಗೆ ಹೆಸರು ಬರುವುದೂ ಇಲ್ಲ. ರಮಾ ಜೈನರ ಅಧ್ಯಕ್ಷತೆಯನ್ನು ಅಳೆಯುವವರು ಪ್ರಶಸ್ತಿ ಸಮಾರಂಭಗಳಿಗಿಂತ ಮೊದಲು ಈ ಗ್ರಂಥಸೂಚಿಯನ್ನು ನೋಡಬೇಕು. ಮೂರ್ತಿದೇವಿ ಮಾಲೆಯ ಪ್ರಧಾನ ಸಂಪಾದಕರಲ್ಲಿ ಹೀರಾಲಾಲ್ ಜೈನ್ ಅವರ ಜೊತೆಗಿದ್ದ ಆ. ನೇ. ಉಪಾಧ್ಯೆ ಕೂಡ ಬೆಳಗಾವಿ ಜಿಲ್ಲೆಯ ಸದಲಗಾದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. ಜ್ಞಾನಪೀಠ ಕನ್ನಡಕ್ಕೆ ಕೊಟ್ಟದ್ದನ್ನು ನಾವು ಲೆಕ್ಕಹಾಕುತ್ತಲೇ ಇರುತ್ತೇವೆ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಕನ್ನಡ ನಾಡು ಜ್ಞಾನಪೀಠಕ್ಕೆ ಕೊಟ್ಟದ್ದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ.

ಇನ್ನು ಪ್ರಶಸ್ತಿಯ ವಿಚಾರ. 1961ರ ಮೇ 22, ಶಾಂತಿಪ್ರಸಾದರ ಐವತ್ತನೆಯ ಹುಟ್ಟುಹಬ್ಬ. ದೇಶದ ಭಾಷೆಗಳ ಶ್ರೇಷ್ಠ ಕೃತಿಯೊಂದನ್ನು ಪ್ರತಿವರ್ಷ ಗೌರವಿಸಬೇಕೆಂಬ ಆಲೋಚನೆ ಮನೆಯವರಲ್ಲಿ ಮೂಡಿದ್ದು ಆಗ. ದೊಡ್ಡವರ ಮನೆಯಲ್ಲಿ ಹಬ್ಬದ ದಿನ ಇಂಥ ಮಾತು ಏಳುವುದು, ಮಾರನೆಯ ದಿನ ಮರೆಯುವುದು ವಿಶೇಷವಲ್ಲ. ರಮಾ ಜೈನ್ ಮರೆಯಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಟ್ರಸ್ಟಿನ ಸಭೆಯ ಮುಂದೆ ವಿಷಯ ಇಟ್ಟರು. ನವೆಂಬರಿನಲ್ಲಿ ಕಾಕಾ ಕಾಲೇಲ್ಕರ್, ಹರಿವಂಶರಾಯ್ ಬಚ್ಚನ್, ರಾಮಧಾರಿ ಸಿಂಹ ದಿನಕರ್, ಜೈನೇಂದ್ರ ಕುಮಾರ್, ಪ್ರಭಾಕರ ಮಾಚ್ವೆ ಮೊದಲಾದವರನ್ನು ಕರೆಸಿ ಚರ್ಚಿಸಿದರು. 1962ರ ಏಪ್ರಿಲ್ 2ರಂದು ದೆಹಲಿಯಲ್ಲಿ ನಾನಾ ಭಾಷೆಗಳ ಸುಮಾರು 300 ಸಾಹಿತಿಗಳ ಸಭೆ ಸೇರಿತು. ಅದನ್ನು ನಡೆಸಿದ ಧರ್ಮವೀರ ಭಾರತಿ ಟೈಮ್ಸ್ ಬಳಗದ ಹಿಂದಿ ವಾರಪತ್ರಿಕೆ ‘ಧರ್ಮಯುಗ’ದ ಸಂಪಾದಕರು. ನವೆಂಬರಿನ ಚರ್ಚೆಯಲ್ಲಿದ್ದ ಅಕ್ಷಯಕುಮಾರ್ ಜೈನ್ ‘ನವಭಾರತ ಟೈಮ್ಸ್’ನವರು. ಪತ್ರಿಕೆ ದತ್ತಿಸಂಸ್ಥೆಗೆ ನಿಜವಾಗಿ ನೆರವಾದದ್ದು ಇಲ್ಲಿ. ಹಣ ಬೇರೆ ಕಡೆಯಿಂದಲೂ ಬರುತ್ತಿತ್ತು. ಭಾಷೆ ಭಾಷೆಗಳ ಬರಹಗಾರರನ್ನು ಬಲ್ಲ, ಕರೆದರೆ ಬರುವಂತೆ ಮಾಡಬಲ್ಲ ಸಂಪಾದಕರು ಒದಗಿದ್ದು ಪತ್ರಿಕೆಯಿಂದ.

ಆಯ್ಕೆಯ ಪ್ರವರ ಪರಿಷತ್ತಿನ ಮೊದಲ ಸಭೆಗೆ ರಾಜೇಂದ್ರ ಪ್ರಸಾದರು ಅಧ್ಯಕ್ಷತೆ ವಹಿಸಬೇಕಿತ್ತು. ಸಭೆ 1963ರ ಮಾರ್ಚ್ 16ಕ್ಕೆ ನಿಗದಿಯಾಗಿತ್ತು, ಅವರು ಫೆಬ್ರುವರಿ 28ರಂದು ತೀರಿಕೊಂಡರು. ಸಭೆಯನ್ನು ಕಾಕಾ ಕಾಲೇಲ್ಕರ್ ನಡೆಸಿದರು, ಮುಂದೆ ಸಂಪೂರ್ಣಾನಂದರು ಅಧ್ಯಕ್ಷರಾದರು. ನೀಹಾರರಂಜನ್ ರಾಯ್, ಕರಣ್ ಸಿಂಗ್, ವಿ. ರಾಘವನ್, ಬೆಜವಾಡ ಗೋಪಾಲ ರೆಡ್ಡಿ, ಹರೇಕೃಷ್ಣ ಮೆಹತಾಬ್ ಇದ್ದ ಆ ಪರಿಷತ್ತಿನಲ್ಲಿ ರಮಾ ಜೈನ್ ಹಲವರಲ್ಲಿ ಒಬ್ಬ ಸದಸ್ಯೆ. ಭಾಷೆಗೊಂದು ಸಲಹಾ ಸಮಿತಿ ಕೃತಿಗಳನ್ನು ಸೂಚಿಸಬೇಕು, ಪರಿಷತ್ತು ತೂಗಿ ನೋಡಿ ತೀರ್ಮಾನಿಸಬೇಕು, ಒಮ್ಮೆ ಪ್ರಶಸ್ತಿ ಪಡೆದ ಭಾಷೆಯನ್ನು ನಂತರದ ಕೆಲವು ವರ್ಷ ಪರಿಗಣಿಸಬಾರದು. ದುಡ್ಡು ಕೊಟ್ಟವರ ಇಷ್ಟಾನಿಷ್ಟ ನಡೆಯದಂತೆ ನಿಯಮವನ್ನು ದುಡ್ಡು ಕೊಟ್ಟವರೇ ಮಾಡಿಟ್ಟರು. ನನ್ನ ದೃಷ್ಟಿಯಲ್ಲಿ ರಮಾ ಜೈನರ ಅತಿ ದೊಡ್ಡ ಸಾಧನೆ ಇದೇ. ಒಂದು ಲಕ್ಷ ರೂಪಾಯಿಯ ಮೊತ್ತ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥದ್ದು. ಕೇಂದ್ರ ಸಾಹಿತ್ಯ ಅಕಾಡೆಮಿ ಆಗ ಕೊಡುತ್ತಿದ್ದದ್ದು 5,000 ರೂಪಾಯಿ. ಆದರೆ ಹಣವಂತರು ಹಣ ಕೊಡುವುದು ಕಷ್ಟವಲ್ಲ, ತೀರ್ಪನ್ನು ಬಿಟ್ಟುಕೊಡುವುದು ಕಷ್ಟ.

ಅದೇ ಪರಿಷತ್ತಿನಲ್ಲಿ ಕುಳಿತಿದ್ದ ಕನ್ನಡಿಗರು ರಂಗನಾಥ ದಿವಾಕರ. ‘ಕರ್ಮವೀರ’ದ ಸ್ಥಾಪಕರು, ‘ಸಂಯುಕ್ತ ಕರ್ನಾಟಕ’ವನ್ನು ಲೋಕಶಿಕ್ಷಣ ಟ್ರಸ್ಟಿನಡಿ ಬೆಳೆಸಿದವರಲ್ಲಿ ಪ್ರಮುಖರು. ಅವರನ್ನೂ ರಮಾ ಜೈನರನ್ನೂ ಒಂದೇ ಮೇಜಿನ ಎರಡು ಬದಿಗೆ ಕೂರಿಸಿ ನೋಡಿದರೆ ಪತ್ರಿಕೆ ಮತ್ತು ಲೋಕಹಿತದ ನಂಟಿನ ಎರಡು ದಾರಿಗಳು ಕಾಣುತ್ತವೆ. ಹುಬ್ಬಳ್ಳಿ, ಧಾರವಾಡದ ಕಡೆ ಪತ್ರಿಕೆಯನ್ನೇ ಟ್ರಸ್ಟಿಗೆ ಒಪ್ಪಿಸಿದರು, ವಾರಸುದಾರಿಕೆಯ ಮಾತೇ ಅಲ್ಲಿಲ್ಲ. ರಮಾ ಜೈನರ ಮನೆಯಲ್ಲಿ ಪತ್ರಿಕೆ ಕುಟುಂಬದ ಆಸ್ತಿಯಾಗಿ ಉಳಿಯಿತು, ಟ್ರಸ್ಟು ಪಕ್ಕದಲ್ಲಿ ಬೆಳೆಯಿತು. ಮೊದಲನೆಯದರಲ್ಲಿ ಬಡತನವಿತ್ತು, ಎರಡನೆಯದರಲ್ಲಿ ಕಳಂಕದ ಭಯವಿತ್ತು.

ಆ ಭಯ ಬರಿಯ ಕಲ್ಪನೆಯಲ್ಲ. 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ದಾಲ್ಮಿಯಾ ಅವರ ವಿಮಾ ಕಂಪನಿಯ ವ್ಯವಹಾರಗಳನ್ನು ಎತ್ತಿ ಆಡಿದರು. 1956ರಲ್ಲಿ ದಾಲ್ಮಿಯಾ–ಜೈನ್ ಕಂಪನಿಗಳ ತನಿಖೆಗೆ ಆಯೋಗ ನೇಮಕವಾಯಿತು, ಮುಂದೆ ಅದರ ನೇತೃತ್ವ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರಿಗೆ ಬಂತು. ದಾಲ್ಮಿಯಾ ಜೈಲಿಗೂ ಹೋಗಬೇಕಾಯಿತು. ಬೆನೆಟ್ ಕೋಲ್ಮನ್ ಅಳಿಯನ ಕೈಗೆ ಬಂದಿತ್ತು. ಸಾಹಿತಿಗಳು ಪ್ರಶಸ್ತಿಯ ನಿಯಮ ಚರ್ಚಿಸುತ್ತಿದ್ದಾಗ ರಮಾ ಜೈನರ ತಂದೆಯ ಕಂಪನಿಗಳ ಲೆಕ್ಕಪುಸ್ತಕಗಳು ಆಯೋಗದ ಮುಂದಿದ್ದವು. ಹೆಸರು ತೊಳೆದುಕೊಳ್ಳಲೆಂದೇ ಪ್ರಶಸ್ತಿ ಹುಟ್ಟಿತು ಎಂದು ಹೇಳಬಹುದೇ? ಒಪ್ಪುವುದು ಕಷ್ಟ. ತನಿಖೆಯ ಮಾತೇ ಇಲ್ಲದ 1944ರಲ್ಲಿ ಸಂಸ್ಥೆ ಹುಟ್ಟಿತ್ತು, ಮಹಾಬಂಧಕ್ಕೆ ಹಣ ಹಾಕಿತ್ತು. ಆದರೆ ಈ ಹಿನ್ನೆಲೆಯನ್ನು ಮುಚ್ಚಿಟ್ಟು ಬರೆಯುವ ಪ್ರಶಂಸೆಯೂ ಇತಿಹಾಸವಾಗದು.

1969ರಲ್ಲಿ ನ್ಯಾಯಾಲಯದ ಆದೇಶದಂತೆ ಬೆನೆಟ್ ಕೋಲ್ಮನ್ ಆಡಳಿತ ಮಂಡಳಿ ಬದಲಾಯಿತು. ಹೊಸ ಮಂಡಳಿಯಲ್ಲಿ ನಾಮನಿರ್ದೇಶಿತರದೇ ಬಹುಮತ. ಮನೆತನದ ಕೈಗೆ ಅದು ಮರಳಿದ್ದು 1976ರಲ್ಲಿ, ಮಗ ಅಶೋಕ್ ಜೈನ್ ಕಾಲಕ್ಕೆ. ನಡುವಿನ ವರ್ಷಗಳಲ್ಲೂ ಪ್ರಶಸ್ತಿ ನಿಲ್ಲಲಿಲ್ಲ. 1967ರ ಸಾಲಿನಲ್ಲಿ ಕುವೆಂಪು ಅವರಿಗೆ ಗುಜರಾತಿಯ ಉಮಾಶಂಕರ ಜೋಶಿಯವರ ಜೊತೆ ಸಂದಿದ್ದ ಗೌರವ, 1973ರ ಸಾಲಿನಲ್ಲಿ ‘ನಾಕು ತಂತಿ’ಗಾಗಿ ಬೇಂದ್ರೆಯವರಿಗೆ ಒಡಿಯಾದ ಗೋಪೀನಾಥ ಮೊಹಾಂತಿಯವರ ಜೊತೆ ಸಂದಿತು. ಆಗ ಪತ್ರಿಕೆ ಮನೆಯವರ ಹಿಡಿತದಲ್ಲಿರಲಿಲ್ಲ. ಟ್ರಸ್ಟನ್ನು ಪತ್ರಿಕೆಯಿಂದ ಬೇರೆಯಾಗಿ ಕಟ್ಟಿದ್ದರ ಫಲ ಇಲ್ಲಿ ಸ್ಪಷ್ಟ.

ರಮಾ ಜೈನ್ 1975ರ ಜುಲೈನಲ್ಲಿ ತೀರಿಕೊಂಡರು. ಅದೇ ವರ್ಷ ಉಪಾಧ್ಯೆಯವರೂ ಹೋದರು. ಕಾರಂತರಿಗೆ ಪ್ರಶಸ್ತಿ ಬಂದಾಗ ಆಕೆ ಇರಲಿಲ್ಲ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ, ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟ ಕಾರಂತರು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಯಾರ ಮುಲಾಜಿಗೂ ಬೀಳದ ಅಂಥವರು ಈ ಪ್ರಶಸ್ತಿಯನ್ನು ಸ್ವೀಕರಿಸಿದ್ದು ಅದರ ನಿಯಮಗಳಿಗೆ ಸಿಕ್ಕ ಮನ್ನಣೆ ಎಂದೇ ನಾನು ಓದುತ್ತೇನೆ. ಜ್ಞಾನಪೀಠ ಸಂಸ್ಥೆಯೇ 1983ರಲ್ಲಿ ಶುರುಮಾಡಿದ ಮೂರ್ತಿದೇವಿ ಪ್ರಶಸ್ತಿಯನ್ನು ಮೊದಲು ಪಡೆದವರು ಕೂಡ ಕನ್ನಡಿಗರು, ಶಾಂತಲೆಯ ಬಗ್ಗೆ ಬೃಹತ್ ಕಾದಂಬರಿ ಬರೆದ ಸಿ. ಕೆ. ನಾಗರಾಜರಾವ್.

ರಮಾ ಜೈನರ ಸೊಸೆ ಇಂದು ಜೈನ್ 1999ರಲ್ಲಿ ಟೈಮ್ಸ್ ಬಳಗದ ಅಧ್ಯಕ್ಷೆಯಾದರು. ಜ್ಞಾನಪೀಠ ಟ್ರಸ್ಟಿನ ಹೊಣೆಯೂ ಬಂತು. 2000ದಲ್ಲಿ ಟೈಮ್ಸ್ ಫೌಂಡೇಶನ್ ಕಟ್ಟಿದರು, 2016ರಲ್ಲಿ ಪದ್ಮಭೂಷಣ ಪಡೆದರು, 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ, 2006ರಲ್ಲಿ, ‘ವಿಜಯ ಕರ್ನಾಟಕ’ ಆ ಬಳಗ ಸೇರಿ, ಮಂಡೆಕೋಲಿನಂಥ ಊರುಗಳಿಗೆ ಮುಂಜಾನೆ ಬರುವ ಪತ್ರಿಕೆಗಳಲ್ಲೂ ಈ ಮನೆತನದ ಕೈ ಕಾಣಿಸಿಕೊಂಡಿತು. ಇಂದು ಜೈನ್ ಮಾಡಿದ ಸಮಾಜಸೇವೆ ವಿಸ್ತಾರವಾದದ್ದು. ಆದರೆ ಸಂಸ್ಥೆಗೆ ಬೆನ್ನೆಲುಬು ಕೊಟ್ಟವರು ಅತ್ತೆಯೇ.

ಕನ್ನಡದ ಸಂಶೋಧಕರು ಮಾಡಬೇಕಾದ ಕೆಲಸ ಒಂದು ಬಾಕಿ ಇದೆ. ಜ್ಞಾನಪೀಠದ ಕನ್ನಡ ಸಲಹಾ ಸಮಿತಿಗಳು ಮೊದಲ ವರ್ಷಗಳಲ್ಲಿ ಯಾವ ಕೃತಿಗಳನ್ನು ಏಕೆ ಸೂಚಿಸಿದವು ಎಂಬ ಕಾಗದಪತ್ರಗಳನ್ನು ಸಂಸ್ಥೆಯಿಂದ ಕೇಳಿ ಪಡೆದು ಸಂಪಾದಿಸಿ ಪ್ರಕಟಿಸಬೇಕು. ಪುತ್ತೂರು, ಸುಳ್ಯದ ಕಾಲೇಜು ಗ್ರಂಥಾಲಯಗಳು ಕಾರಂತರ ಕಪಾಟಿನ ಪಕ್ಕದಲ್ಲೇ ‘ಮಹಾಬಂಧ’ದ ಏಳು ಸಂಪುಟಗಳನ್ನೂ ಭುಜಬಲಿ ಶಾಸ್ತ್ರಿಗಳ ಗ್ರಂಥಸೂಚಿಯನ್ನೂ ತರಿಸಿ ಇಡಬೇಕು.