ಪಹಣಿಯ ಗಣಕೀಕರಣ: ದತ್ತಾಂಶ ವರ್ಗಾವಣೆಯ ಸಾಧನಗಳ ಒಂದು ಚರಿತ್ರೆ (ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯನ್ನು ಮುಂದಿಟ್ಟುಕೊಂಡು)

ಹಳೆಯ ವ್ಯವಸ್ಥೆಯ ದತ್ತಾಂಶವನ್ನು ಹೊಸ ತಂತ್ರಾಂಶಕ್ಕೆ ಸಾಗಿಸಲು ಯಾವ ಸಾಧನ ಆರಿಸಬೇಕು ಎಂಬುದು ದೊಡ್ಡ ಕಂಪನಿಗಳ ತಲೆನೋವು ಎಂದೇ ಬಹುಮಂದಿ ತಿಳಿದಿದ್ದಾರೆ. ಕರ್ನಾಟಕದ ತಾಲ್ಲೂಕು ಕಚೇರಿಗಳು ಈ ಪ್ರಶ್ನೆಯನ್ನು ಇಪ್ಪತ್ತೈದು ವರ್ಷಗಳ ಹಿಂದೆಯೇ ಎದುರಿಸಿದ್ದವು. ಆ ಅನುಭವವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹಳೆಯ ದಾಖಲೆಯನ್ನು ಯಾವುದರೊಡನೆ ತಾಳೆ ನೋಡಬಹುದು ಎಂಬುದರ ಮೇಲೆಯೇ ಸಾಧನದ ಆಯ್ಕೆ ನಿಂತಿದೆ. ವೇಗ, ಬೆಲೆ, ಕಂಪನಿಯ ಹೆಸರು ಇವೆಲ್ಲ ಆಮೇಲಿನ ಮಾತು.

ಮೊದಲು ಮೂಲ ದಾಖಲೆಯನ್ನು ನೋಡೋಣ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಶಾನುಭೋಗರ ಕೈಲಿದ್ದ ಲೆಕ್ಕ ಸರ್ಕಾರಿ ನೌಕರನಾದ ಗ್ರಾಮ ಲೆಕ್ಕಿಗನಿಗೆ ಬಂತು. ಚಳ್ಳಕೆರೆಯ ಕಸಬಾ, ತಳಕು, ನಾಯಕನಹಟ್ಟಿ, ಪರಶುರಾಂಪುರ ಹೋಬಳಿಗಳಿಗೂ ಮೊಳಕಾಲ್ಮೂರಿನ ಕಸಬಾ, ದೇವಸಮುದ್ರ ಹೋಬಳಿಗಳಿಗೂ ನಮೂನೆ 16ರ ಅದೇ ಪಹಣಿ. ಕಾಲಂ 9ರಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲ ಮತ್ತು ಇತರೆ ಹಕ್ಕು. ಮಾರಾಟ, ವಿಭಾಗ, ಪೌತಿ ಏನೇ ಆದರೂ ಮ್ಯುಟೇಶನ್ ವಹಿಯಲ್ಲಿ ಎಂ.ಆರ್. ನಂಬರ್ ಬಿದ್ದು, ಆಮೇಲೆ ಪಹಣಿಯಲ್ಲಿ ಇಂಡೀಕರಣ (ನಮೂದು) ಆಗಬೇಕು. ಈ ಎರಡರ ನಡುವಿನ ಅಂತರದಲ್ಲಿಯೇ ಎಷ್ಟೋ ವ್ಯಾಜ್ಯಗಳು ಹುಟ್ಟಿಕೊಂಡವು.

ಭೂದಾಖಲೆ ಗಣಕೀಕರಣದ ಕೇಂದ್ರ ಯೋಜನೆ 1988–89ರಲ್ಲಿ ದೇಶದ 8 ಜಿಲ್ಲೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗದಲ್ಲಿ ಪ್ರಯೋಗ ನಡೆಯಿತು, 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಫಲ ಮಾತ್ರ ಸಿಗಲಿಲ್ಲ. ದತ್ತಾಂಶ ಗಣಕಕ್ಕೆ ಹೋಯಿತಾದರೂ ದಿನನಿತ್ಯದ ತಿದ್ದುಪಡಿ ನಡೆಯುವ ತಾಲ್ಲೂಕು ಮಟ್ಟದಲ್ಲಿ ಅದನ್ನು ನವೀಕರಿಸುವ ವ್ಯವಸ್ಥೆಯೇ ಇರಲಿಲ್ಲ. ತುಂಬಿಸಿದ ಮರುದಿನದಿಂದಲೇ ಅದು ಹಳತಾಗತೊಡಗಿತು. ಇಂದಿನ ವರ್ಗಾವಣೆ ಸಾಧನಗಳಲ್ಲಿ ಮೂಲದ ಬದಲಾವಣೆಯನ್ನು ಹಿಡಿದು ಗುರಿಗೆ ಮುಟ್ಟಿಸುವ ಸೌಲಭ್ಯಕ್ಕೆ ಇಷ್ಟೊಂದು ಬೆಲೆ ಯಾಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕಂದಾಯ ಇಲಾಖೆ ಕೈಗೊಂಡ, ಎನ್‌ಐಸಿ ತಂತ್ರಾಂಶ ಬರೆದ ‘ಭೂಮಿ’ ಯೋಜನೆ ಬೇರೆ ದಾರಿ ಹಿಡಿಯಿತು. 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು. ಗಣಕದಿಂದ ಗಣಕಕ್ಕೆ ಸಾಗಿಸುವ ಸಾಧನಗಳು ಆ ಹೊತ್ತಿಗೆ ಪೇಟೆಗೆ ಬಂದಿದ್ದವು. ಮೈಕ್ರೋಸಾಫ್ಟ್ 1998ರ ಎಸ್‌ಕ್ಯೂಎಲ್ ಸರ್ವರ್ 7ರ ಜೊತೆಗೇ ಒಂದನ್ನು ಕೊಟ್ಟಿತ್ತು. ಆದರೆ ಇಲ್ಲಿ ಮೂಲವೇ ಕಾಗದ. ಹೀಗಾಗಿ ಸಾಧನ ಎಂದರೆ ಡಾಟಾ ಎಂಟ್ರಿಯವರ ಬೆರಳು, ತುಂಬಿಸಿದ್ದನ್ನು ಮುದ್ರಿಸಿದ ತಾಳೆಪಟ್ಟಿ, ಅದನ್ನು ಮೂಲ ವಹಿಯೊಡನೆ ಸಾಲುಸಾಲಾಗಿ ನೋಡಿ ಸಹಿ ಹಾಕುವ ಗ್ರಾಮ ಲೆಕ್ಕಿಗ. ಇವೆಲ್ಲಕ್ಕಿಂತ ದೊಡ್ಡ ಸಾಧನ ಒಂದು ಅಧಿಸೂಚನೆ: ತಾಲ್ಲೂಕಿನ ದತ್ತಾಂಶ ದೃಢೀಕೃತವಾದ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ. ಆಗ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಪಡೆದದ್ದೇ ಪಹಣಿ ಎನಿಸಿತು. ಎರಡು ವ್ಯವಸ್ಥೆಗಳು ಜೊತೆಯಾಗಿ ಓಡಲು ಬಿಡದ ಈ ನಿಷ್ಠುರತೆ ಇಲ್ಲದಿದ್ದರೆ ‘ಭೂಮಿ’ಯೂ ಗುಲ್ಬರ್ಗದ ಹಾದಿಯನ್ನೇ ಹಿಡಿಯುತ್ತಿತ್ತೆಂದು ನನ್ನ ಅನಿಸಿಕೆ.

ಆದರೆ ಸಹಿ ಹಾಕಿದ ತಾಳೆಪಟ್ಟಿ ಹೇಳುವುದು ಹೊಸದು ಹಳೆಯದರಂತಿದೆ ಎಂದಷ್ಟೆ; ಹಳೆಯದು ಸರಿಯಿತ್ತೇ ಎಂಬುದಕ್ಕೆ ಸರ್ವೆ ಇಲಾಖೆಯ ಆಕಾರ್‌ಬಂದ್ ನೋಡಬೇಕು. ಒಂದು ಸರ್ವೆ ನಂಬರಿನ ಪೈಕಿ ಪಹಣಿಗಳ ವಿಸ್ತೀರ್ಣ ಕೂಡಿದರೆ ಆಕಾರ್‌ಬಂದಿನ ಅಂಕಿ ಬರಬೇಕು. ಕೂಡುವುದಕ್ಕೂ ಕ್ರಮವಿದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 3-20 ಮತ್ತು 1-30 ಎಂದು ಬರೆದದ್ದನ್ನು ದಶಮಾಂಶವೆಂದು ತಿಳಿದ ಸಾಧನ 4.50 ಎನ್ನುತ್ತದೆ, ಇರಬೇಕಾದದ್ದು 5 ಎಕರೆ 10 ಗುಂಟೆ. ಸೇಂಗಾ ಬೆಳೆವ ಒಣಭೂಮಿಯಲ್ಲಿ ಹೊಲಗಳು ದೊಡ್ಡವಾದ್ದರಿಂದ ಇಂಥ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಎಕರೆ, ಗುಂಟೆ, ಆಣೆಗಳನ್ನು ಬೇರೆಬೇರೆ ಅಂಕಣದಲ್ಲಿ ಇಡುವ ಸಾಧನವನ್ನೇ ಆರಿಸಬೇಕಾದದ್ದು ಇದಕ್ಕಾಗಿ.

ಇದಕ್ಕೆ ಹೋಲಿಸಿದರೆ ಬ್ಯಾಂಕಿನವರ ಪಾಡು ಹಗುರ. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಬ್ಯಾಂಕುಗಳೊಡನೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಒಂದಾಯಿತು. ರೈತನ ಪಾಸ್‌ಪುಸ್ತಕದ ಮೇಲಿನ ಹೆಸರು ಇಷ್ಟು ಸಲ ಬದಲಾದರೂ ಬ್ಯಾಂಕಿನ ಲೆಕ್ಕ ದಿನವೂ ಪೈಸೆಗೆ ಪೈಸೆ ಕೂಡಲೇಬೇಕು. ಎರಡೂ ಕಡೆಯ ಒಟ್ಟು ಬಾಕಿ ಒಂದೇ ಬಂದರೆ ವರ್ಗಾವಣೆಯ ಬಹುಪಾಲು ಪರೀಕ್ಷೆ ಮುಗಿದಂತೆ. ಅದನ್ನು ಯಂತ್ರವೇ ಮಾಡಬಲ್ಲದು. ಪಹಣಿಗೆ ಅಂಥ ದಿನದ ಲೆಕ್ಕವಿಲ್ಲ.

ಹೆಸರಿಗಂತೂ ಮೊತ್ತವೇ ಇಲ್ಲ. ನಾಯಕನಹಟ್ಟಿ ಸುತ್ತಿನಲ್ಲಿ ತಿಪ್ಪೇರುದ್ರಸ್ವಾಮಿಯ ಹೆಸರು ಹೊತ್ತ ತಿಪ್ಪೇಸ್ವಾಮಿಗಳು, ತಿಪ್ಪಮ್ಮಂದಿರು ಊರೂರಿಗೂ ಇದ್ದಾರೆ. ಪಹಣಿಯಲ್ಲಿ ‘ತಿಪ್ಪೇಸ್ವಾಮಿ ಬಿನ್ ಬೋರಯ್ಯ’, ಆಧಾರ್‌ನಲ್ಲಿ ‘ತಿಪ್ಪೇಸ್ವಾಮಿ ಬಿ.’ ಎಂದಿದ್ದರೆ ಇಬ್ಬರೂ ಒಬ್ಬನೇ ಎಂದು ಹೇಳುವವರು ಯಾರು? 2018ರ ಸಾಲಮನ್ನಾ ಕಾಲದಲ್ಲಿ ಪಹಣಿ, ಬ್ಯಾಂಕ್ ಸಾಲ, ಆಧಾರ್ ಮೂರನ್ನೂ ಹೊಂದಿಸುವಾಗ, ಆಮೇಲೆ ರೈತರ ‘ಫ್ರೂಟ್ಸ್’ ನೋಂದಣಿಯಲ್ಲಿ ಇದೇ ತೊಡಕು. ಹೆಸರಿನ ಸಾಮ್ಯ ಅಳೆಯುವ ತಂತ್ರಾಂಶ ಸುಲಭದವನ್ನು ಬಗೆಹರಿಸೀತು; ಉಳಿದದ್ದಕ್ಕೆ ಊರು ಬಲ್ಲವರೇ ಬೇಕು.

ಲಿಪಿಯ ತೊಡಕು ಇನ್ನೊಂದು ಬಗೆಯದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳಲ್ಲಿ ಸಂಕೇತಗಳ ಕ್ರಮ ಕಣ್ಣಿಗೆ ಕಾಣುವ ಕ್ರಮವೇ. ‘ಚಿತ್ರದುರ್ಗ’ದ ಅರ್ಕಾವೊತ್ತು ಅಲ್ಲಿ ‘ಗ’ದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಈ ಹಿಂದುಮುಂದನ್ನು ಅರಿಯದ ಪರಿವರ್ತಕ ಜಿಲ್ಲೆಯ ಹೆಸರನ್ನೇ ಕೆಡಿಸುತ್ತದೆ. ಸೊನ್ನೆಯ ಕೀಲಿ ಒತ್ತಿ ಅನುಸ್ವಾರ ಮೂಡಿಸಿದ್ದರೆ ನೋಟಕ್ಕೆ ‘ರಂಗಪ್ಪ’ ಸರಿಯಾಗಿಯೇ ಇರುತ್ತಾನೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ.

ದಾಖಲೆಯಲ್ಲೇ ಇಲ್ಲದ್ದನ್ನು ಸಾಗಿಸುವ ಸಾಧನ ಯಾವುದೂ ಇಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ದನ, ಕುರಿ ಮೇಯಿಸುವ ರೂಢಿಗೆ ಪಹಣಿಯಲ್ಲಿ ಪ್ರತ್ಯೇಕ ಕಾಲಂ ಇರಲಿಲ್ಲ, ಗಣಕದಲ್ಲೂ ಇಲ್ಲ. ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಹೋದಾಗ ಗ್ರಾಮಸ್ಥರ ಬಳಿ ಇದ್ದದ್ದು ಹೆಚ್ಚಾಗಿ ಬಾಯಿಮಾತಿನ ಹಕ್ಕು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ 2003ರಲ್ಲಿ ಬಂತು, 2023ರಲ್ಲಿ ಕಾವೇರಿ 2.0 ಆಯಿತು. ಇದು ಗಣಕದಿಂದ ಗಣಕಕ್ಕೆ ಸಾಗಿದ ಕತೆಯಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. 2025ರಲ್ಲಿ ರಾಜ್ಯದ ತಾಲ್ಲೂಕುಗಳಿಗೆಲ್ಲ ವಿಸ್ತರಿಸಿದ ಭೂಸುರಕ್ಷಾ ಮಾತ್ರ ಹೊಸ ಆಯ್ಕೆ: ರೆಕಾರ್ಡ್ ರೂಮಿನ ಕಡತವನ್ನು ಟೈಪಿಸದೆ ಸ್ಕ್ಯಾನ್ ಮಾಡುವುದು. ಗುಂಟೆಯೋ ದಶಮಾಂಶವೋ, ‘ಬಿನ್’ ಇದೆಯೋ ಇಲ್ಲವೋ, ಚಿತ್ರ ಯಾವುದನ್ನೂ ತೀರ್ಮಾನಿಸುವುದಿಲ್ಲ. ಇದ್ದದ್ದು ಇದ್ದಂತೆ ಬರುತ್ತದೆ. ಆದರೆ ಗ್ರಾಮ, ಸರ್ವೆ ನಂಬರ್, ವರ್ಷದ ಸೂಚಿ ತುಂಬಿಸದೆ ಒಂದು ಪುಟವೂ ಕೈಗೆ ಸಿಗದು, 47/2 ಇದ್ದದ್ದು 41/2 ಆದರೆ ಆ ಪುಟ ಸರ್ವರಿನಲ್ಲೇ ಕಳೆದುಹೋದಂತೆ. ಸೂಚಿಯನ್ನು ಕಡತದೊಡನೆ ತಾಳೆ ನೋಡುವ ಕೆಲಸಕ್ಕೆ ಈಗಲೂ ಹಳೆಯ ಕೈಬರಹ ಓದಬಲ್ಲ ಗುಮಾಸ್ತರನ್ನೇ ಕರೆಯಬೇಕಾಗುತ್ತದೆ.