ಅರಿವೆಯ ಆಯುಷ್ಯ

ಸಂಕೇಶ್ವರದ ಮಗ್ಗುಲಲ್ಲಿರುವ ನಿಡಸೋಸಿಯ ಹೆಸರೆತ್ತಿದೊಡನೆ ಬೆಳಗಾವಿ ಸೀಮೆಯವರಿಗೆ ನೆನಪಾಗುವುದು ಅಲ್ಲಿಯ ದುರದುಂಡೀಶ್ವರ ಮಠ. ಹುಕ್ಕೇರಿ ಎಂದೊಡನೆ ಆದಿಲಶಾಹಿಯ ಗುಮ್ಮಟಗಳು. ಗೋಕಾಕವೆಂದರೆ ಘಟಪ್ರಭೆಯ ಧಬಧಬೆ, ಅದರ ದಡದ ಮೇಲೆ 1880ರ ದಶಕದಲ್ಲಿ ಎದ್ದುನಿಂತ ನೂಲಿನ ಗಿರಣಿ. ಕಲ್ಲು, ನೀರು, ಯಂತ್ರ ಇವೆಲ್ಲ ನಮಗೆ ಇತಿಹಾಸವಾಗಿ ಕಾಣುತ್ತವೆ. ಆದರೆ ಆ ಗುಮ್ಮಟದಡಿಯ ಗೋರಿಗೆ ಒಂದು ಕಾಲಕ್ಕೆ ಹೊದಿಸಿದ ಚಾದರ, ಮಠದ ಪಲ್ಲಕ್ಕಿಗೆ ಇಳಿಬಿಡುವ ವಸ್ತ್ರ, ದೇಸಾಯರ ವಾಡೆಯಲ್ಲಿ ಹಾಸುತ್ತಿದ್ದ ಜಮಖಾನೆ, ಸೊಸೆಗೆ ಉಡಿಸುತ್ತಿದ್ದ ಚಂದ್ರಕಾಳಿ ಸೀರೆ, ಇವನ್ನು ಇತಿಹಾಸದ ಲೆಕ್ಕಕ್ಕೆ ಹಿಡಿಯುವವರು ಎಷ್ಟು ಜನ?

ಅರಿವೆ ತಾನಾಗಿ ಬಾಳುವ ವಸ್ತುವಲ್ಲ. ಶಿಲಾಶಾಸನವನ್ನು ನಾವು ಮರೆತರೂ ಅದು ಬಾಳುತ್ತದೆ. ತಾಮ್ರಪಟ ನೆಲದಲ್ಲಿ ಹೂತುಹೋದರೂ ಉಳಿದೀತು. ಅರಿವೆಯನ್ನು ನಾವು ಮರೆತರೆ ನುಸಿ ಮರೆಯುವುದಿಲ್ಲ. ಆದ್ದರಿಂದ ಇನ್ನೂರು ಮುನ್ನೂರು ವರ್ಷದ ಬಟ್ಟೆ ಎಲ್ಲಿಯಾದರೂ ಉಳಿದಿದೆಯೆಂದರೆ, ಅದನ್ನು ವರ್ಷ ವರ್ಷವೂ ಬಿಚ್ಚಿ, ಜಾಡಿಸಿ, ಮತ್ತೆ ಮಡಿಸಿಟ್ಟ ಕೈಗಳ ದೊಡ್ಡ ಸಾಲೊಂದು ಅದರ ಹಿಂದೆ ಇದ್ದೇ ಇರಬೇಕು. ಆ ಕೈಗಳಿಗೆ ಹೆಸರಿಲ್ಲ. ನೇಯಿಸಿದ ಅರಸನ ಹೆಸರು ಮಾತ್ರ ಪುಸ್ತಕದಲ್ಲಿ ಬರುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ವಿಜಯಪುರದ ಅಸಾರ ಮಹಲು. ಮುಹಮ್ಮದ್ ಆದಿಲಶಹನು ಸುಮಾರು 1646ರಲ್ಲಿ ನ್ಯಾಯದಾನಕ್ಕೆಂದು ಕಟ್ಟಿಸಿದ ಮನೆಯಿದು. ಮುಂದೆ ಪೈಗಂಬರರ ಕೇಶವೆಂದು ಭಕ್ತರು ನಂಬುವ ಪವಿತ್ರ ವಸ್ತು ಇಲ್ಲಿಗೆ ಬಂದು, ಮನೆಯೇ ಪೂಜ್ಯಸ್ಥಾನವಾಯಿತು. 1686ರಲ್ಲಿ ವಿಜಯಪುರ ಔರಂಗಜೇಬನ ವಶವಾಯಿತು. ಅರಮನೆಗಳು ಹಾಳುಬಿದ್ದವು, ಗೋಡೆಗಳು ಬಿದ್ದವು, ಮರಮುಟ್ಟು ಯಾರಯಾರದೋ ಪಾಲಾಯಿತು. ಅಸಾರ ಮಹಲಿನಲ್ಲಿ ಉಳಿದಿದ್ದ ಅರಬಿ–ಫಾರಸಿ ಹಸ್ತಪ್ರತಿಗಳು ಸಹ 1853ರಲ್ಲಿ ಲಂಡನ್ನಿಗೆ ಪ್ರಯಾಣ ಮಾಡಿದವು. ಆದರೆ ಅಲ್ಲಿಯ ಹಳೆಯ ರತ್ನಗಂಬಳಿಗಳು ಉಳಿದವು. ಹದಿನೇಳನೆಯ ಶತಮಾನದ ಉಣ್ಣೆಯ ಗಂಬಳಿ, ಬಿಸಿಲುನಾಡಿನಲ್ಲಿ, ರಾಜ್ಯ ಹೋದ ಮೇಲೂ! ಇಂದು ಕಂಬಳಿಯ ಚರಿತ್ರೆ ಬರೆಯುವ ವಿದ್ವಾಂಸರು ದೂರದೇಶದಲ್ಲಿ ಕುಳಿತು ಅವುಗಳ ಮಾತೆತ್ತುತ್ತಾರೆ. ಗೋಲಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಹೋದವರು ಬಿಜಾಪುರದ ಇಂಥ ಗಂಬಳಿಗಳನ್ನು ನೋಡಬಹುದು. ಅವು ಏಕೆ ಉಳಿದವೆಂದು ಕೇಳಿದರೆ ನನಗೆ ತೋರುವ ಉತ್ತರ ಇಷ್ಟೆ: ಆ ಮನೆಗೆ ಸೇವೆ ತಪ್ಪಲಿಲ್ಲ. ಅರಸರಿಲ್ಲದಿದ್ದರೂ ಕೀಲಿಕೈ ಹಿಡಿದವರು ಇದ್ದರು, ಕಸ ಗುಡಿಸುವವರು ಇದ್ದರು.

ಇನ್ನು ನಮ್ಮ ಮನೆಗಳ ಮಾತು. ಇಲ್ಲಿ ಅರಿವೆಯ ವೈರಿ ಅಲಕ್ಷ್ಯವಲ್ಲ, ಮಿತವ್ಯಯ. ಇಳಕಲ್ಲ ಸೀರೆ ಹಳತಾದರೆ ನಮ್ಮ ತಾಯಂದಿರು ಅದನ್ನು ಬಿಸಾಡಿದವರಲ್ಲ. ಅದು ಕೌದಿಯಾಯಿತು, ಕೌದಿ ಹರಿದರೆ ಕೂಸಿನ ಹಾಸಿಗೆಯಾಯಿತು, ಕಡೆಗೆ ಒಲೆಯ ಮುಂದಿನ ಕೈಅರಿವೆ. ಎಳೆ ಎಣಿಸಿ, ಗೆರೆ ಬರೆಯದೆ, ಗವಂತಿ ಮುರಗಿಗಳನ್ನು ಒಳಮೈ ಹೊರಮೈ ಭೇದವಿಲ್ಲದಂತೆ ಹಾಕಿದ ಕಸೂತಿಯ ಸೆರಗು ಕೂಡ ಹೀಗೆಯೇ ಒಲೆಯ ಬುಡ ಸೇರಿದ್ದುಂಟು. ಜರಿಯ ಸೀರೆಯ ಗತಿ ಇನ್ನೂ ಕಷ್ಟ. ಬೀದಿಯಲ್ಲಿ ಹಳೆಯ ಜರಿ ಕೊಳ್ಳುವವನ ಕೂಗು ಕೇಳಿದರೆ ಸಾಕು, ಅಜ್ಜಿಯ ಧಾರೆಯ ಸೀರೆ ಸುಟ್ಟು ಕರಗಿ ನಾಲ್ಕು ತೊಲೆ ಬೆಳ್ಳಿಯಾಗುತ್ತಿತ್ತು. ಬಡತನದಲ್ಲಿ ಹಾಗೆ ಮಾಡಿದವರನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಆದರೆ ಉಳಿದದ್ದು ಎಷ್ಟು ಕಡಿಮೆ ಎಂಬುದನ್ನಾದರೂ ನಾವು ತಿಳಿದಿರಬೇಕು.

ಹೋದದ್ದು ಎಲ್ಲಿ ಹೋಗಿ ಸೇರಿತೆಂಬುದಕ್ಕೆ ಒಂದು ವಿಚಿತ್ರ ಕಥೆಯಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ಎಡ್ವರ್ಡ್ ಕ್ಲೈವ್, ಪ್ಲಾಸಿಯ ರಾಬರ್ಟ್ ಕ್ಲೈವನ ಮಗ. ಟಿಪ್ಪುವಿನ ಡೇರೆಯೊಂದು ಈ ಮನೆತನದ ಕೈಸೇರಿ, ಕಡಲು ದಾಟಿ, ವೇಲ್ಸ್ ಪ್ರಾಂತದ ಪೊವಿಸ್ ಕೋಟೆಯನ್ನು ತಲಪಿತು. ಅಚ್ಚೊತ್ತಿ, ಕುಂಚದಿಂದ ಬಣ್ಣವಿಟ್ಟು ಸಿದ್ಧಪಡಿಸಿದ ಹತ್ತಿಯ ಬಟ್ಟೆಯ ಡೇರೆ. ಬಿಳಿಯ ನೆಲದ ಮೇಲೆ ಕಮಾನು, ಕಮಾನಿನೊಳಗೆ ಹೂದಾನಿ, ಹೂದಾನಿಯಲ್ಲಿ ಕೆಂಪು ಹಸುರಿನ ಹೂಬಳ್ಳಿ. ಬಟ್ಟೆ 1725–50ರ ನಡುವಿನದೆಂದು ಬಲ್ಲವರ ಮತ; ಎಂದರೆ ಟಿಪ್ಪು ಹುಟ್ಟುವ ಮೊದಲಿನದು. ಕ್ಲೈವರ ವಂಶದವರು ಇದನ್ನು ತೋಟದ ಔತಣಗಳಿಗೆ ಚಪ್ಪರವಾಗಿ ಬಳಸಿದರಂತೆ! ರಣಾಂಗಣದ ಡೇರೆಯಡಿ ಚಹಾ ಕುಡಿದವರಿಗೆ ಅದರ ಬೆಲೆ ಗೊತ್ತಿತ್ತೋ ಇಲ್ಲವೋ. 1952ರಲ್ಲಿ ಕೋಟೆ ನ್ಯಾಷನಲ್ ಟ್ರಸ್ಟಿನ ಕೈಸೇರಿದ ಮೇಲೆ ಅದು ಪರಂಪರೆಯ ವಸ್ತುವಾಗಿ ಕಾಪಾಡಲ್ಪಟ್ಟಿತು. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ ಭಾರತದ ಬಟ್ಟೆಗಳ ಪ್ರದರ್ಶನ ನಡೆಸಿದಾಗ, ಜನ ಮುಗಿಬಿದ್ದು ನೋಡಿದ್ದು ಈ ಡೇರೆಯನ್ನು. ಕೊಳ್ಳೆಯ ಮಾಲೆಂಬ ನೋವು ಇದ್ದೇ ಇದೆ. ಉಳಿದಿದೆಯಲ್ಲ ಎಂಬ ಸಮಾಧಾನವೂ ಅದರ ಬೆನ್ನಿಗೇ ಬರುತ್ತದೆ, ಏನು ಮಾಡುವುದು?

ಅದೇ ದೇಶದ ಹಾರ್ಡ್‌ವಿಕ್ ಎಂಬ ಹಳೆಯ ಮನೆಯ ಒಡತಿ ಬೆಸ್ ಎಂಬವಳು 1601ರಲ್ಲಿ ಬರೆಸಿದ ಮೃತ್ಯುಪತ್ರದಲ್ಲಿ, ಮನೆಯ ವಸ್ತ್ರಾದಿಗಳನ್ನು ತೇವದಿಂದಲೂ ನುಸಿಯಿಂದಲೂ ಕಾಪಾಡಬೇಕೆಂದು ವಾರಸುದಾರರಿಗೆ ಕಟ್ಟು ಮಾಡಿದಳು. ಆಕೆ 1592ರಲ್ಲಿ ಕೊಂಡ ಹದಿಮೂರು ಚಿತ್ರಗೋಡೆಬಟ್ಟೆಗಳ ದುರಸ್ತಿ 24 ವರ್ಷ ಹಿಡಿದು 2023ರಲ್ಲಿ ಮುಗಿಯಿತು. ಅಲ್ಲಿಯ ಇಂಥ ಮನೆಗಳಲ್ಲಿ ನಿಪುಣರ ಜೊತೆಗೆ ಊರಿನ ಗೃಹಿಣಿಯರು, ನಿವೃತ್ತರು ವಾರಕ್ಕೊಂದು ದಿನ ಸಂಬಳವಿಲ್ಲದೆ ಬಂದು ಧೂಳು ತೆಗೆಯುತ್ತಾರೆ, ಬಟ್ಟೆ ಸುತ್ತಿಡುತ್ತಾರೆ.

ಸ್ವಯಂಸೇವಕನೆಂಬ ಮಾತು ನಮಗೇನು ಹೊಸದೇ? 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿಗೆ ಡಾ. ಹರ್ಡೀಕರರ ಸೇವಾದಳದ ತರುಣರು ದುಡಿದ ರೀತಿ ಈ ಸೀಮೆಯ ಹೆಮ್ಮೆ. ಅಧಿವೇಶನದ ಭಾರ ಹೊತ್ತ ಗಂಗಾಧರರಾವ ದೇಶಪಾಂಡೆಯವರು ಖಾದಿಗೆ ಹೆಸರಾದ ಹುದಲಿಯವರು. ಮಠದಲ್ಲಿ ದಾಸೋಹಕ್ಕೆ ರೊಟ್ಟಿ ಬಡಿಯಲು ಯಾರೂ ಕರೆಯದೆ ಬರುವ ಹೆಂಗಸರು ಇಂದಿಗೂ ಇದ್ದಾರೆ. ಅವರಲ್ಲಿ ನಾಲ್ವರು ವರ್ಷಕ್ಕೆರಡು ದಿನ ಹಳೆಯ ಪೆಟ್ಟಿಗೆಗಳ ಮುಂದೆ ಕುಳಿತರೆ ಸಾಕು.

ಕೆಲಸವೇನೂ ದೊಡ್ಡದಲ್ಲ, ತಾಳ್ಮೆ ಮಾತ್ರ ಬೇಕು. ಮಳೆ ಮುಗಿದು ಹವೆ ಒಣಗಿದ ಮೇಲೆ ಬಟ್ಟೆಯನ್ನು ನೆರಳಿನಲ್ಲಿ ಹರಡಬೇಕು. ಬಿಸಿಲಿಗೆ ಹಾಕಿದರೆ ಹುಳ ಹೋದರೂ ಬಣ್ಣವೂ ಹೋಗುತ್ತದೆ, ಹಾಗೆ ಹೋದ ಬಣ್ಣ ತಿರುಗಿ ಬರುವುದಿಲ್ಲ. ಗಂಜಿ ಹಾಕಿ ಇಡಬಾರದು, ಬೆಳ್ಳಿಹುಳಕ್ಕೆ ಅದೇ ಊಟ. ಬೇವಿನೆಲೆ, ಬಜೆ, ಲಾವಂಚ ಇವು ಅಜ್ಜಿಯರ ಔಷಧ, ಒಳ್ಳೆಯವೇ; ಆದರೆ ಬಟ್ಟೆಗೆ ನೇರ ತಾಗದಂತೆ ಬೇರೆ ಗಂಟು ಕಟ್ಟಿ ಇಡಬೇಕು, ಇಲ್ಲವಾದರೆ ಕಲೆ ಬೀಳುತ್ತದೆ. ಮಡಿಕೆ ಬಿದ್ದಲ್ಲಿಯೇ ಮತ್ತೆ ಮಡಿಸಿದರೆ ರೇಶಿಮೆ ಆ ಗೆರೆಯಲ್ಲಿಯೇ ಸೀಳುತ್ತದೆ. ಸಾಧ್ಯವಿದ್ದರೆ ಸುರುಳಿ ಸುತ್ತಬೇಕು, ಇಲ್ಲವೇ ಮಡಿಕೆಯ ಜಾಗ ಬದಲಿಸಬೇಕು. ಸುತ್ತಲು ಕೋರಾ ಬಟ್ಟೆಯನ್ನು ಗಂಜಿ ಹೋಗುವಂತೆ ಕುದಿಸಿ ಒಗೆದು ಬಳಸಬೇಕು. ಪೆಟ್ಟಿಗೆಯ ತಳಕ್ಕೆ ವರ್ತಮಾನಪತ್ರಿಕೆ ಹಾಸುವ ರೂಢಿ ಮನೆಮನೆಯಲ್ಲಿದೆ. ಪತ್ರಿಕೆಗೆ ಬರೆಯುವವನೇ ಹೇಳಬೇಕಾಗಿದೆ, ಅದು ಬೇಡ: ಆ ಕಾಗದದ ಹುಳಿ ಅರಿವೆಯನ್ನು ಕಂದಿಸುತ್ತದೆ.

ಇಷ್ಟಾದ ಮೇಲೆ ಒಂದು ಕೆಲಸ ಉಳಿಯುತ್ತದೆ, ಅದೇ ಹೆಚ್ಚು ಅವಸರದ್ದು. ಪ್ರತಿ ಗಂಟಿಗೂ ಒಂದು ಬಟ್ಟೆಯ ಪಟ್ಟಿ ಕಟ್ಟಿ, ಇದು ಯಾರ ಮದುವೆಯ ಸೀರೆ, ಯಾವ ಊರಿನ ನೇಯ್ಗೆ, ಯಾರು ಹಾಕಿದ ಕಸೂತಿ, ಯಾವ ಉತ್ಸವಕ್ಕೆ ಯಾರು ಕೊಟ್ಟ ಶಾಲು ಎಂಬುದನ್ನು ಪೆನ್ಸಿಲಿನಿಂದ ಬರೆದಿಡಬೇಕು, ಶಾಯಿ ಹರಡುತ್ತದೆ. ಅದನ್ನೆಲ್ಲ ಹೇಳಬಲ್ಲ ಅಜ್ಜಿ ಇನ್ನೂ ಪಡಸಾಲೆಯಲ್ಲಿ ಕುಳಿತಿರುವಾಗಲೇ ಪೆಟ್ಟಿಗೆ ತೆರೆಯುವುದು ಒಳ್ಳೆಯದು.